ಅಟ್ಟ ಇಳಿಸುವ ಮುನ್ನ ಕಾಗದದ ಟ್ರಂಕು ತೆಗೆಯಿರಿ

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿ. ಮಾವನವರ ಅಪ್ಪ ಕಟ್ಟಿಸಿದ ಹೆಂಚಿನ ಮನೆ. ಜಗಲಿ, ಉಪ್ಪರಿಗೆ, ಕೊಟ್ಟಿಗೆ ಎಲ್ಲಾ ಸೇರಿ ದೊಡ್ಡದು. ಈಗ ಇರುವುದು ನಾನು ಮತ್ತು ಯಜಮಾನರು ಇಬ್ಬರೇ. ಅವರಿಗೆ ಮಂಡಿನೋವು, ನನಗೆ ಸಕ್ಕರೆ ಕಾಯಿಲೆ. ಹಾಗಾಗಿ ಶಿವಮೊಗ್ಗದಲ್ಲಿ ಎರಡು ಬೆಡ್‌ರೂಮಿನ ಫ್ಲಾಟ್ ತೆಗೆದುಕೊಂಡಿದ್ದೇವೆ. ತೋಟವನ್ನು ಮೈದುನನ ಮಗ ನೋಡಿಕೊಳ್ಳುತ್ತಾನೆ. ಚಿಂತೆ ಸಾಮಾನಿನದ್ದೇ. ಅಟ್ಟದ ತುಂಬಾ ಹಿತ್ತಾಳೆ, ತಾಮ್ರ, ಅಡಿಕೆ ಬೇಯಿಸುವ ಹಂಡೆ. ಬೀಟೆ ಮಂಚ, ಎರಡು ಕಪಾಟು ಪುಸ್ತಕ, ಹಳೇ ಟ್ರಂಕುಗಳು ಬೇರೆ. ಜಗಲಿಯಲ್ಲಿ ತೀರಿಹೋದ ಮಾವನವರ ಕಾಲದ ಕಡವೆ ಕೊಂಬು, ಒಳಗೆ ಅವರ ಹೆಸರಿನ ಕೋವಿ. ಒಬ್ಬ ವ್ಯಾಪಾರಿ ಬಂದು ನೋಡಿ, ಎಲ್ಲದಕ್ಕೂ ಸೇರಿಸಿ ಒಂದು ರೇಟು ಹೇಳಿದ್ದಾನೆ. ಒಂದೇ ದಿನದಲ್ಲಿ ಖಾಲಿ ಮಾಡಿಕೊಡುತ್ತಾನಂತೆ. ಮಕ್ಕಳು ಬೆಂಗಳೂರಿನಿಂದ ಫೋನ್ ಮಾಡಿ ‘ಕೊಟ್ಟುಬಿಡಿ ಅಮ್ಮಾ’ ಅಂತಾರೆ. ಯಜಮಾನರು ‘ಒಂದು ತಂಬಿಗೇನೂ ಬಿಡಲ್ಲ, ಬೀಗ ಹಾಕಿಟ್ಟರೆ ಆಯ್ತು’ ಅಂತಾರೆ. ಹಿರಿಯರ ಪಾತ್ರೆ ಮಾರಿದರೆ ಮನೆಗೆ ಒಳ್ಳೆಯದಾಗಲ್ಲ ಎಂದು ನಾದಿನಿ ಹೆದರಿಸಿದ್ದಾಳೆ. ಏನು ಮಾಡಲಿ?

ಉತ್ತರ: ಸಾಮಾನಿನ ಪಟ್ಟಿ ಉದ್ದ ಇದೆ. ಆದರೆ ನಿಮ್ಮ ನಿದ್ದೆಗೆಡಿಸಿರುವುದು ಮೂರು ಮಾತು ಅನಿಸುತ್ತದೆ. ಮಕ್ಕಳ ‘ಕೊಟ್ಟುಬಿಡಿ’, ಯಜಮಾನರ ‘ಬಿಡಲ್ಲ’, ನಾದಿನಿಯ ‘ಒಳ್ಳೆಯದಾಗಲ್ಲ’. ಮೂವರನ್ನೂ ಪೂರ್ತಿ ಒಪ್ಪಿಸುವ ದಾರಿ ನನ್ನ ಹತ್ತಿರವೂ ಇಲ್ಲ.

ಹಳೇ ಮನೆ ಖಾಲಿ ಮಾಡಿಸಿ ಪೇಟೆ ಮನೆಯಲ್ಲಿ ಜೋಡಿಸಿಕೊಡುವುದು ನನ್ನ ಕಸುಬು. ಈ ಕೆಲಸದಲ್ಲಿ ನಾನು ಕಂಡ ದೊಡ್ಡ ನಷ್ಟಗಳು ಹೆಚ್ಚಾಗಿ ಆಗಿದ್ದು ಕೆಲಸದ ಸರದಿ ತಪ್ಪಿದ್ದರಿಂದ. ಎಲ್ಲರೂ ಹಿತ್ತಾಳೆಯಿಂದ ಶುರು ಮಾಡುತ್ತಾರೆ. ಅದು ಕಣ್ಣಿಗೆ ಕಾಣುತ್ತದೆ, ಕೈಗೆ ದುಡ್ಡೂ ಬರುತ್ತದೆ. ಕಾಗದಪತ್ರದ ನೆನಪಾಗುವುದು ಲಾರಿ ಬಂದು ಅಂಗಳದಲ್ಲಿ ನಿಂತಾಗ. ನೀವು ಇದನ್ನು ತಿರುಗಿಸಿ. ಮೊದಲು ಕಾಗದ. ಆಮೇಲೆ ಕೇಸಿಗೆ ಸಿಕ್ಕಿಸಬಹುದಾದ ವಸ್ತುಗಳು. ಆಮೇಲೆ ಮನೆಯವರ ಮಾತುಕತೆ. ವ್ಯಾಪಾರಿ ಕಟ್ಟಕಡೆಗೆ.

ಕಾಗದದ ಟ್ರಂಕಿನ ವಿಷಯ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಮಲೆನಾಡಿನಲ್ಲಿ ಇದರ ತೂಕವೇ ಬೇರೆ. ‘ಈಗ ಪಹಣಿ ಕಂಪ್ಯೂಟರಿನಲ್ಲೇ ಸಿಗುತ್ತಲ್ಲ, ಹಳೇದು ಯಾಕೆ’ ಎಂದು ಮಕ್ಕಳು ಕೇಳುತ್ತಾರೆ. ಪಹಣಿ ಸಿಗುತ್ತದೆ, ನಿಜ. ಆದರೆ ಆ ಜಮೀನು ನಿಮ್ಮ ಹೆಸರಿಗೆ ಹೇಗೆ ಬಂತು ಎಂಬ ಕತೆ ಪಹಣಿಯಲ್ಲಿ ಪೂರ್ತಿ ಇರುವುದಿಲ್ಲ. ಅದು ಕ್ರಯಪತ್ರದಲ್ಲಿ, ವಿಭಾಗಪತ್ರದಲ್ಲಿ, ಸಾಗುವಳಿ ಚೀಟಿಯಲ್ಲಿ ಇರುತ್ತದೆ. 1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣೆ ತಿದ್ದುಪಡಿಯಲ್ಲಿ ಗೇಣಿದಾರರು ತಾವು ಉಳುತ್ತಿದ್ದ ಜಮೀನಿನ ಹಕ್ಕಿಗೆ ನಮೂನೆ 7ರಲ್ಲಿ ಅರ್ಜಿ ಹಾಕಿದರು. ಭೂನ್ಯಾಯಮಂಡಳಿ ಒಪ್ಪಿದವರಿಗೆ ನಮೂನೆ 10, ಅಂದರೆ ಹಕ್ಕಿನ ಪ್ರಮಾಣಪತ್ರ, ಬಂತು. ನಿಮ್ಮ ಮನೆ ಒಡೆಯರ ಕಡೆಯದ್ದಾಗಿರಲಿ, ಗೇಣಿಯವರ ಕಡೆಯದ್ದಾಗಿರಲಿ, ಆ ಆದೇಶದ ಪ್ರತಿ, ಗೇಣಿ ರಸೀದಿ ಯಾವುದನ್ನೂ ಬಿಸಾಡಬೇಡಿ.

ಅರಣ್ಯದ ಅಂಚಿನ ಜಮೀನಿದ್ದರೆ ಇನ್ನೂ ಜಾಗ್ರತೆ ಬೇಕು. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಬುಡಕಟ್ಟಿನವರಲ್ಲದ ಪಾರಂಪರಿಕ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಮೊದಲಿನ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲೇ ಬದುಕಿದ್ದನ್ನು ತೋರಿಸಬೇಕು. ಅಜ್ಜನ ಕಾಲದ ಕಂದಾಯ ರಸೀದಿ, ಮನೆ ತೆರಿಗೆ ಚೀಟಿ ಇಂಥಲ್ಲಿ ಕೆಲಸಕ್ಕೆ ಬರುತ್ತವೆ. ನಿಮ್ಮ ನೆಂಟರಲ್ಲಿ ಯಾರಾದರೂ ಶರಾವತಿ ಮುಳುಗಡೆಯವರಿದ್ದರೆ ಅವರನ್ನೇ ಕೇಳಿ. ಅವರ ಜಮೀನು ಮುಳುಗಿಸಿದ ಲಿಂಗನಮಕ್ಕಿ ಅಣೆಕಟ್ಟೆ ಮುಗಿದದ್ದು 1964ರಲ್ಲಿ. ಹಕ್ಕುಪತ್ರದ ಓಡಾಟ ಮೊಮ್ಮಕ್ಕಳ ಕಾಲಕ್ಕೂ ಮುಗಿದಿಲ್ಲ. ಅವರ ಮನೆಗಳಲ್ಲಿ ಒಂದು ಚೂರು ಕಾಗದವನ್ನೂ ಬಿಸಾಡುವುದಿಲ್ಲ.

ಅದೇ ಟ್ರಂಕಿನಲ್ಲಿ ಬ್ಯಾಂಕಿನ ಹಳೇ ಪಾಸ್‌ಬುಕ್, ಠೇವಣಿ ರಸೀದಿ, ಸೊಸೈಟಿಯ ಷೇರು ಪತ್ರ, ವಿಮೆ ಪಾಲಿಸಿ ಸಿಗಬಹುದು. 10 ವರ್ಷ ಯಾರೂ ಕೇಳದ ಠೇವಣಿ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ. ಆದರೂ ವಾರಸುದಾರರು ಕೇಳಿದರೆ ಸಿಗುತ್ತದೆ. 2023ರಿಂದ ‘ಉದ್ಗಮ್’ ಎಂಬ ಜಾಲತಾಣದಲ್ಲಿ ಹೆಸರು ಹಾಕಿ ಹುಡುಕಬಹುದು. ಈ ಕೆಲಸ ಬೆಂಗಳೂರಿನ ಮಕ್ಕಳಿಗೆ ಹಚ್ಚಿ. ಕೂತಲ್ಲೇ ಮಾಡಲಿ. ಅಕ್ಕಿ ಡಬ್ಬಿಯಲ್ಲೋ ಮಡಚಿಟ್ಟ ಸೀರೆಯಲ್ಲೋ ಹಳೇ 500, 1000ದ ನೋಟು ಸಿಕ್ಕರೆ ಅದರ ಆಸೆ ಬಿಡಿ. 2017ರ ಕಾಯ್ದೆ ಪ್ರಕಾರ 10 ನೋಟಿಗಿಂತ ಜಾಸ್ತಿ ಇಟ್ಟುಕೊಳ್ಳುವುದೇ ತಪ್ಪು. ಹೆಂಗಸರು ಗುಟ್ಟಾಗಿ ಕೂಡಿಟ್ಟ ದುಡ್ಡು ಹೀಗೆ ಎಷ್ಟು ಮನೆಗಳಲ್ಲಿ ಮಣ್ಣಾಯಿತೋ.

ಇನ್ನು ಜಗಲಿಯ ಕೊಂಬು. ‘ಕಾಡಲ್ಲಿ ಉದುರಿದ್ದನ್ನು ಹೆಕ್ಕಿ ತಂದದ್ದು, ಬೇಟೆ ಆಡಿದ್ದಲ್ಲ’ ಎಂಬ ಮಾತನ್ನು ಪ್ರತಿ ಮನೆಯಲ್ಲೂ ಕೇಳುತ್ತೇನೆ. ಆ ಮಾತು ನಿಮ್ಮನ್ನು ಉಳಿಸುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಇದಕ್ಕೆ ಮಾಲೀಕತ್ವದ ಪ್ರಮಾಣಪತ್ರ ಬೇಕು. ಪ್ರಮಾಣಪತ್ರ ಇದ್ದರೂ ಮಾರುವಂತಿಲ್ಲ. ಮೊದಲು ಟ್ರಂಕಿನಲ್ಲಿ ಮಾವನವರ ಹೆಸರಿನ ಪ್ರಮಾಣಪತ್ರ ಇದೆಯಾ ನೋಡಿ. ಇದ್ದರೆ, ಬೇಡ ಅನಿಸಿದ್ದನ್ನು ಅರಣ್ಯ ಇಲಾಖೆಗೆ ಒಪ್ಪಿಸುವ ದಾರಿ 2022ರ ತಿದ್ದುಪಡಿಯಲ್ಲಿದೆ. ಪರಿಹಾರ ಸಿಗುವುದಿಲ್ಲ, ತಲೆನೋವು ಹೋಗುತ್ತದೆ. ಪ್ರಮಾಣಪತ್ರ ಇಲ್ಲದಿದ್ದರೆ ವಿಷಯ ಸೂಕ್ಷ್ಮ. 2023ರ ಕೊನೆಯಲ್ಲಿ ಹುಲಿ ಉಗುರಿನ ಗಲಾಟೆ ಆಯಿತಲ್ಲ, ಅದಾದ ಮೇಲೆ ಇಂಥ ವಸ್ತು ಒಪ್ಪಿಸಲು ರಾಜ್ಯ ಸರ್ಕಾರ 2024ರ ಶುರುವಿನಲ್ಲಿ ಮೂರು ತಿಂಗಳ ಗಡುವು ಕೊಟ್ಟಿತ್ತು. ಆ ಗಡುವು ಮುಗಿದಿದೆ. ಹಾಗಾಗಿ ಒಬ್ಬ ವಕೀಲರ ಹತ್ತಿರ ಮಾತಾಡಿ, ಅವರ ಮೂಲಕವೇ ವಲಯ ಅರಣ್ಯಾಧಿಕಾರಿ ಕಚೇರಿಗೆ ಹೋಗಿ. ಹೆದರಿ ಬಾವಿಗೆ ಹಾಕುವುದು, ಒಲೆಗೆ ಹಾಕುವುದು, ವ್ಯಾಪಾರಿಯ ಲಾರಿಗೆ ಸುಮ್ನೆ ಸೇರಿಸಿಬಿಡುವುದು ಇವು ಮೂರೂ ಬೇಡ. ಲಾರಿ ಚೆಕ್‌ಪೋಸ್ಟಿನಲ್ಲಿ ಸಿಕ್ಕರೆ ‘ಇಂಥವರ ಮನೆಯದ್ದು’ ಎಂದು ಅವನು ಹೇಳದೆ ಇರುತ್ತಾನಾ? ನವಿಲುಗರಿಗೆ ಮಾತ್ರ ಹೆದರಬೇಡಿ. ಬಾಲದ ಗರಿಗೆ ಕಾಯ್ದೆಯಲ್ಲೇ ವಿನಾಯಿತಿ ಇದೆ.

ಕೋವಿಯದ್ದು ಇದಕ್ಕಿಂತ ಸುಲಭ, ಆದರೆ ತುರ್ತು. ಲೈಸೆನ್ಸುದಾರರು ತೀರಿಕೊಂಡ ಮೇಲೆ ಅದು ಮನೆಯಲ್ಲಿ ಇರುವಂತಿಲ್ಲ. ತಡಮಾಡದೆ ಠಾಣೆಯಲ್ಲೋ ಲೈಸೆನ್ಸ್ ಇರುವ ಬಂದೂಕು ಅಂಗಡಿಯಲ್ಲೋ ಇಡಬೇಕು ಎನ್ನುತ್ತದೆ 1959ರ ಶಸ್ತ್ರಾಸ್ತ್ರ ಕಾಯ್ದೆ. ಠಾಣೆಗೆ ಮೊದಲೇ ಫೋನ್ ಮಾಡಿ, ಲೈಸೆನ್ಸ್ ಪುಸ್ತಕದ ಜೊತೆ ಒಪ್ಪಿಸಿ, ರಸೀದಿ ತೆಗೆದುಕೊಳ್ಳಿ. ತೋಟ ನೋಡುವ ಹುಡುಗನಿಗೆ ಬೇಕಿದ್ದರೆ ಅವನು ತನ್ನ ಹೆಸರಿನಲ್ಲಿ ಲೈಸೆನ್ಸಿಗೆ ಅರ್ಜಿ ಹಾಕಿಕೊಳ್ಳಲಿ.

ಈಗ ನಾದಿನಿಯ ಮಾತಿಗೆ ಬರೋಣ. ಶಾಸ್ತ್ರದ ವಿಚಾರ ಪುರೋಹಿತರಿಗೆ ಬಿಡುತ್ತೇನೆ. ನನಗೆ ಗೊತ್ತಿರುವುದು ಇಷ್ಟು: ನಮ್ಮ ಹಿರಿಯರೇ ಸ್ಟೀಲ್ ಬಂದ ಕಾಲದಲ್ಲಿ ಹಿತ್ತಾಳೆ ಕೊಡಪಾನ ಕೊಟ್ಟು ಸ್ಟೀಲ್ ಡಬ್ಬಿ ತಂದವರು. ಒಡೆದ ಹಂಡೆ ಕೊಟ್ಟು ಹೊಸ ಹಂಡೆ ತಂದವರು. ಪಾತ್ರೆ ಅಂಗಡಿಯಲ್ಲಿ ‘ಹಳೇದಕ್ಕೆ ಹೊಸದು’ ಎನ್ನುವ ಲೆಕ್ಕ ಅವರ ಕಾಲದಿಂದಲೂ ಇದೆ. ಹಾಗಾಗಿ ಆ ಹೆದರಿಕೆ ಬೇಡ.

ಆದರೆ ಆಕೆಯ ಮಾತನ್ನು ಪೂರ್ತಿ ತಳ್ಳಿಹಾಕಲೂ ಬೇಡಿ. ‘ಮಾರಬಾರದು’ ಎನ್ನುವ ಹೆಣ್ಣುಮಕ್ಕಳು ಎಷ್ಟೋ ಸಲ ‘ನನ್ನನ್ನು ಒಂದು ಮಾತು ಕೇಳಲಿಲ್ಲ’ ಎಂದು ಹೇಳುತ್ತಿರುತ್ತಾರೆ. ಅದು ಬರೀ ಮನಸ್ಸಿನ ವಿಷಯವೂ ಅಲ್ಲ. ಮಾವನವರು ವಿಲ್ ಬರೆಯದೆ ಹೋಗಿದ್ದರೆ ಅವರ ಸೊತ್ತಿಗೆ ಮಗಳೂ ವಾರಸುದಾರಳು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲೇ ಇದಿದೆ. 2005ರ ತಿದ್ದುಪಡಿ ಕುಟುಂಬದ ಆಸ್ತಿಯಲ್ಲಿ ಮಗನಷ್ಟೇ ಹಕ್ಕನ್ನು ಮಗಳಿಗೂ ಕೊಟ್ಟಿತು. ಸೊತ್ತು ಅಂದರೆ ಜಮೀನು ಮಾತ್ರ ಅಲ್ಲ, ಹಂಡೆಯೂ ಸೊತ್ತೇ. ಪಾಲು ಆಗಿದೆಯಾ, ಪಾಲುಪಟ್ಟಿಯಲ್ಲಿ ಚರ ಸೊತ್ತಿನ ಮಾತು ಇದೆಯಾ ನೋಡಿ. ಇಲ್ಲದಿದ್ದರೆ ವ್ಯಾಪಾರಿ ಬರುವ ಮುನ್ನ ನಾದಿನಿಯನ್ನೂ ಮೈದುನನನ್ನೂ ಕರೆದು, ಒಂದು ಊಟ ಹಾಕಿ, ಅಟ್ಟ ಇಳಿಸಿ ಎದುರಿಗೆ ಇಡಿ. ತವರಿನ ಒಂದು ಕೊಳಗವೋ ತೊಟ್ಟಿಲೋ ಅವಳ ಮನೆಗೆ ಹೋಗಲಿ. ಎಲ್ಲರೂ ಆಯ್ದುಕೊಂಡ ಮೇಲೆ ಉಳಿದದ್ದನ್ನು ಮಾರಲು ಒಪ್ಪಿಗೆ ಇದೆ ಎಂದು ನಾಲ್ಕು ಸಾಲು ಬರೆದು ಎಲ್ಲರ ಸಹಿ ಹಾಕಿಸಿ. ಅಣ್ಣತಂಗಿಯರ ನಡುವೆ ಇದೆಲ್ಲಾ ಯಾಕೆ ಅನಿಸಬಹುದು. ಜಗಳ ಆದ ಮನೆಗಳಲ್ಲೂ ಮೊದಲು ಹಾಗೇ ಅನಿಸಿತ್ತು.

ಯಜಮಾನರಿಗೆ ‘ಇದು ಬೇಕಾ, ಅದು ಬೇಕಾ’ ಎಂದು ಒಂದೊಂದೇ ಕೇಳಬೇಡಿ. ಪ್ರತಿಯೊಂದಕ್ಕೂ ಬೇಕು ಅಂತಲೇ ಬರುತ್ತದೆ. ಫ್ಲಾಟಿನಲ್ಲಿ ಒಂದು ಗೋಡೆ, ಒಂದು ಕಪಾಟು ಅವರಿಗೇ ಬಿಟ್ಟುಕೊಡಿ. ಅಷ್ಟರಲ್ಲಿ ಏನು ಹಿಡಿಯುತ್ತದೋ ಅದು ಅವರ ಆಯ್ಕೆ, ನೀವಾಗಲಿ ಮಕ್ಕಳಾಗಲಿ ಬಾಯಿ ಹಾಕುವಂತಿಲ್ಲ. ಅವರು ಮೆಟ್ಟುಗತ್ತಿಯನ್ನೇ ಆಯ್ದುಕೊಂಡರೂ ಸರಿ. ಹತ್ತಾರು ವರ್ಷ ತೋಟದಲ್ಲಿ ದುಡಿದವರು, ಪೇಟೆಗೆ ಹೋದ ಮೇಲೆ ಅವರಿಗೆ ತೋರಿಸಿಕೊಳ್ಳಲು ಉಳಿಯುವುದು ಅಷ್ಟೇ ಅಲ್ವಾ?

ಹಿತ್ತಾಳೆಯ ವಿಷಯದಲ್ಲಿ ಮೊದಲು ಗೊತ್ತಿರಬೇಕಾದ್ದು, ಅಟ್ಟದಲ್ಲಿರುವುದೆಲ್ಲಾ ಹಿತ್ತಾಳೆ ಅಲ್ಲ. ಹಿತ್ತಾಳೆ ಅಂದರೆ ತಾಮ್ರ ಮತ್ತು ಸತು. ಕಂಚು ಅಂದರೆ ತಾಮ್ರ ಮತ್ತು ತವರ. ತವರ ದುಬಾರಿ ಲೋಹ, ಹಾಗಾಗಿ ಕಂಚನ್ನು ಹಿತ್ತಾಳೆ ರೇಟಿಗೆ ಕೊಟ್ಟರೆ ನಿಮಗೆ ನಷ್ಟ. ಮಸಿ ಹಿಡಿದಾಗ ಎರಡೂ ಒಂದೇ ತರಹ ಕಾಣುತ್ತವೆ. ಬೆರಳಿನ ಗೆಣ್ಣಿನಿಂದ ತಟ್ಟಿ ನೋಡಿ. ಕಂಚಿನ ಬಟ್ಟಲು ಗಂಟೆಯ ಹಾಗೆ ಉದ್ದಕ್ಕೆ ಮೊಳಗುತ್ತದೆ, ಹಿತ್ತಾಳೆಯ ಸದ್ದು ಬೇಗ ನಿಲ್ಲುತ್ತದೆ. ತಾಮ್ರ ಕೆರೆದರೆ ಕೆಂಪು. ನಿಮ್ಮ ಅಡಿಕೆ ಹಂಡೆ ತಾಮ್ರದ್ದಾಗಿದ್ದರೆ ತೂಕಕ್ಕೆ ಬೆಲೆ ಬರುವ ದೊಡ್ಡ ವಸ್ತು ಅದೇ.

ಮೂರು ರಾಶಿ ಮಾಡಿಕೊಂಡು, ಕಬ್ಬಿಣದ ಹಿಡಿ ಇರುವುದನ್ನು ಬೇರೆ ಇಟ್ಟು, ನಿಮ್ಮದೇ ತಕ್ಕಡಿಯಲ್ಲಿ ತೂಗಿ ಬರೆದಿಡಿ. ಆಮೇಲೆ ಶಿವಮೊಗ್ಗದ ಗಾಂಧಿ ಬಜಾರಿನ ಒಂದೆರಡು ಪಾತ್ರೆ ಅಂಗಡಿಗಳಲ್ಲಿ ಆ ದಿನದ ರೇಟು ಕೇಳಿ. ನಿಮ್ಮ ವ್ಯಾಪಾರಿ ಹೇಳಿದ ಒಟ್ಟು ರೇಟು ನ್ಯಾಯವೋ ಅಲ್ಲವೋ ಆಗ ತಾನಾಗಿ ಗೊತ್ತಾಗುತ್ತದೆ. ಅವನು ಮೋಸಗಾರ ಎಂದು ನಾನು ಹೇಳುತ್ತಿಲ್ಲ. ಮುರಿದ ಕುರ್ಚಿ, ತುಕ್ಕು ಹಿಡಿದ ತಗಡು ಎಲ್ಲವನ್ನೂ ಹೊತ್ತು ಹೋಗುವ ಆಳಿನ ಕೂಲಿ ಅವನ ಲೆಕ್ಕದಲ್ಲಿ ಇರುತ್ತದೆ. ಅದೂ ನ್ಯಾಯವೇ. ಆದರೆ ‘ಎಲ್ಲಾ ಸೇರಿ’ ಎನ್ನುವ ವ್ಯಾಪಾರದಲ್ಲಿ ಅವನ ಕಣ್ಣು ಎರಡು ಮೂರು ವಸ್ತುವಿನ ಮೇಲೆ ಮಾತ್ರ ಇರುತ್ತದೆ. ಅವು ಯಾವುವು ಎಂದು ಅವನು ಬಾಯಿ ಬಿಡುವುದಿಲ್ಲ.

ತೂಕಕ್ಕೆ ಹಾಕಬಾರದ ವಸ್ತುಗಳೂ ಇವೆ. ಕೆತ್ತನೆಯ ದೀಪ, ಗಿಂಡಿ, ಎಲೆಯಡಿಕೆ ಪೆಟ್ಟಿಗೆ, ಚೆನ್ನೆಮಣೆ ಇಂಥವಕ್ಕೆ ರೂಪಕ್ಕೆ ಬೆಲೆ. ಇವನ್ನು ಹುಣಸೆಹಣ್ಣು ಹಾಕಿ ತಿಕ್ಕಿ ಫಳಫಳ ಮಾಡಬೇಡಿ. ಹಳೇ ವಸ್ತು ಕೂಡಿಡುವವರಿಗೆ ಆ ಹಳೇ ಬಣ್ಣವೇ ಬೇಕು. ಆದರೆ 100 ವರ್ಷ ದಾಟಿದ ಲೋಹದ, ಕಲ್ಲಿನ, ಮರದ ವಿಗ್ರಹಗಳಿಗೆ 1972ರ ಪುರಾತನ ವಸ್ತುಗಳ ಕಾಯ್ದೆ ಇದೆ. ನೋಂದಣಿ ಬೇಕು. ಇವನ್ನು ವ್ಯಾಪಾರ ಮಾಡುವವನಿಗೆ ಲೈಸೆನ್ಸ್ ಬೇಕು, ಖಾಸಗಿಯವರು ವಿದೇಶಕ್ಕೆ ಕಳಿಸುವಂತಿಲ್ಲ. ದೇವರ ಮೂರ್ತಿ ಕೇಳಿಕೊಂಡು ರಾತ್ರಿ ಹೊತ್ತು ಬರುವವರಿಗೆ ಬಾಗಿಲನ್ನೇ ತೆಗೆಯಬೇಡಿ.

ಹಾಗೇ ಇನ್ನೊಂದು. ‘ಈ ಚೊಂಬು ಅಕ್ಕಿ ಎಳೆಯುತ್ತೆ, ಇದರಲ್ಲಿ ಇರಿಡಿಯಂ ಇದೆ, ಕೋಟಿ ಬೆಲೆ’ ಎನ್ನುವವರು ನಮ್ಮ ಕಡೆ ಈಗಲೂ ತಿರುಗುತ್ತಾರೆ. ಯಾವ ತಾಮ್ರವೂ ಅಕ್ಕಿ ಎಳೆಯುವುದಿಲ್ಲ. ‘ಪರೀಕ್ಷೆ ಖರ್ಚು’ ಎಂದು ನಿಮ್ಮಿಂದಲೇ ದುಡ್ಡು ಕೀಳುವ ಮೋಸ ಅದು. ಹಳೇ ನಾಣ್ಯ, ನೋಟಿಗೆ ಲಕ್ಷ ಕೊಡುತ್ತೇವೆ ಎನ್ನುವ ಮೊಬೈಲ್ ಸಂದೇಶವೂ ಅದೇ ಜಾತಿ. 2021ರಲ್ಲಿ ರಿಸರ್ವ್ ಬ್ಯಾಂಕೇ ಎಚ್ಚರಿಕೆ ಕೊಟ್ಟಿತ್ತು.

ಇಟ್ಟುಕೊಳ್ಳುವುದು ಎಷ್ಟು? ಫ್ಲಾಟಿನಲ್ಲಿ ಇಂಡಕ್ಷನ್ ಒಲೆ ಇದ್ದರೆ ಹಿತ್ತಾಳೆ, ತಾಮ್ರ ಅದರ ಮೇಲೆ ಕಾಯುವುದಿಲ್ಲ. ಗ್ಯಾಸಿನ ಮೇಲೆ ಆಗುತ್ತದೆ. ಹುಳಿ ಹಾಕಿದ ಅಡಿಗೆ ಮಾಡುವುದಾದರೆ ಕಲಾಯಿ ಇರಲೇಬೇಕು, ಇಲ್ಲದಿದ್ದರೆ ತಾಮ್ರ ಬಿಟ್ಟುಕೊಳ್ಳುತ್ತದೆ. ಕಲಾಯಿ ಹಾಕುವವರು ಈಗ ಅಪರೂಪ. ನಿಜಕ್ಕೂ ಬಳಸುವ ಎರಡೋ ಮೂರೋ ಪಾತ್ರೆ ಸಾಕು. ಅಜ್ಜಿಯ ಹೆಸರು ಕೆತ್ತಿದ್ದು ಯಾವುದಾದರೂ ಇದ್ದರೆ ಅದನ್ನೇ ಆರಿಸಿ.

ಬೀಟೆ ಮಂಚ ಮಾರಬೇಡಿ ಎನ್ನುವುದು ನನ್ನ ಸ್ವಂತ ಅಭಿಪ್ರಾಯ. ಇವತ್ತು ಅಂಥ ಮರ ಸಿಗುವುದಿಲ್ಲ. ಹಳೇ ಮಂಚಗಳನ್ನು ಹೆಚ್ಚಾಗಿ ಬೆಣೆ ಹೊಡೆದು ಜೋಡಿಸಿರುತ್ತಾರೆ. ಒಳ್ಳೇ ಆಚಾರಿ ಗರಗಸ ಮುಟ್ಟದೆ ಬಿಚ್ಚಿ, ಫ್ಲಾಟಿನಲ್ಲಿ ಮತ್ತೆ ಜೋಡಿಸುತ್ತಾನೆ. ಫ್ಲಾಟಿನ ಲಿಫ್ಟಿನ ಬಾಗಿಲು ಸಾಮಾನ್ಯವಾಗಿ ಮೂರು ಅಡಿಗೂ ಕಡಿಮೆ ಇರುತ್ತದೆ, ಮೊದಲೇ ಅಳೆದುಕೊಳ್ಳಿ. ಮರದಿಂದ ಹಿಟ್ಟಿನಂಥ ಪುಡಿ ಉದುರುತ್ತಿದ್ದರೆ ಒಳಗೆ ಹುಳ ಜೀವಂತ ಇದೆ ಎಂದೇ ಅರ್ಥ. ಮದ್ದು ಹೊಡೆಸದೆ ಪೇಟೆ ಮನೆಗೆ ತರಬೇಡಿ. ಸೀಮೆಎಣ್ಣೆ ಒರೆಸಿದರೆ ಮೇಲಿನದ್ದು ಸಾಯುತ್ತದೆ, ಒಳಗಿನದ್ದು ಕೊರೆಯುತ್ತಲೇ ಇರುತ್ತದೆ. ಪಣತದ (ಭತ್ತದ ಕಣಜದ) ಹಲಗೆ, ಕಂಬ, ತೊಲೆಗಳನ್ನು ಸಾಗಿಸುವ ಯೋಚನೆ ಇದ್ದರೆ ಲಾರಿಗೆ ಏರಿಸುವ ಮುನ್ನ ಅರಣ್ಯ ಇಲಾಖೆಯಲ್ಲಿ ಪಾಸ್ ವಿಚಾರಿಸಿ. ಬೀಟೆ, ಸಾಗುವಾನಿ ಹಳೇದಾದರೂ ಚೆಕ್‌ಪೋಸ್ಟಿನವರು ಕೇಳುತ್ತಾರೆ.

ಇನ್ನು ಯಜಮಾನರು ಹೇಳುವ ಬೀಗದ ದಾರಿ. ‘ಬೀಗ ಹಾಕಿದರೆ ಇದ್ದ ಹಾಗೇ ಇರುತ್ತೆ’ ಎನ್ನುವುದು ಬಯಲುಸೀಮೆಯಲ್ಲಿ ಸ್ವಲ್ಪ ಮಟ್ಟಿಗೆ ನಿಜ ಇರಬಹುದು. ಮಲೆನಾಡಿನಲ್ಲಿ ಆಗದ ಮಾತು. ಪಕ್ಕದ ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ಮೀರಿ ಮಳೆ ಬೀಳುತ್ತದೆ. ಇಷ್ಟು ತೇವದಲ್ಲೂ ನಿಮ್ಮ ಅಟ್ಟ ಇಷ್ಟು ವರ್ಷ ಉಳಿದದ್ದು ಒಲೆಯಿಂದ. ದಿನಾ ಏಳುವ ಹೊಗೆ ಮತ್ತು ಬಿಸಿ ತೊಲೆ, ಜಂತಿ, ಪಾತ್ರೆ, ಪುಸ್ತಕ ಎಲ್ಲವನ್ನೂ ಒಣಗಿಸುತ್ತಿತ್ತು, ಹುಳ ದೂರ ಇಡುತ್ತಿತ್ತು. ಒಲೆ ಆರಿದ ಮನೆಯಲ್ಲಿ ಮೊದಲ ಮಳೆಗಾಲಕ್ಕೇ ಬೂಷ್ಟು ಬರುತ್ತದೆ. ಮಂಗ ಒಂದು ಹೆಂಚು ಸರಿಸಿದರೂ ಸಾಕು, ನೋಡುವವರಿಲ್ಲದೆ ನೀರು ಇಳಿದು ಗೋಡೆಗೆ ಗೆದ್ದಲು ಹತ್ತುತ್ತದೆ. ಮೈದುನನ ಮಗ ಹೇಗೂ ತೋಟಕ್ಕೆ ಬರುತ್ತಾನಲ್ಲ, ಅವನೋ ಕೆಲಸದವರ ಸಂಸಾರವೋ ಅಡಿಗೆಮನೆಯಲ್ಲಿ ಒಲೆ ಹಚ್ಚಿಕೊಂಡು ಇರುವುದಾದರೆ ಮನೆ ಉಳಿಯುತ್ತದೆ. ಆಗ ದೊಡ್ಡ ಸಾಮಾನು ಒಂದಷ್ಟು ಅಲ್ಲೇ ಇರಲಿ. ಬರೀ ಬೀಗ ಆದರೆ ಬೆಲೆಬಾಳುವ ಯಾವುದನ್ನೂ ಒಳಗೆ ಬಿಡಬೇಡಿ. ಕಳ್ಳರ ಭಯ ಎರಡನೆಯದು, ಮಳೆಯ ಭಯ ಮೊದಲನೆಯದು.

ಪುಸ್ತಕಗಳಲ್ಲಿ ನಿಮಗೆ ಬೇಕಾದ್ದು ಇಟ್ಟುಕೊಂಡು, ಉಳಿದದ್ದರ ಪಟ್ಟಿಯನ್ನು ಮೊದಲು ಗ್ರಂಥಾಲಯಕ್ಕೆ ಕಳಿಸಿ, ಆಮೇಲೆ ಪುಸ್ತಕ. ಮೂಟೆ ಕಟ್ಟಿ ಅವರ ಬಾಗಿಲಿಗೆ ಒಯ್ದರೆ ಅವರಿಗೂ ಹೊರೆ. ಶಿವಮೊಗ್ಗದ ಕರ್ನಾಟಕ ಸಂಘ 1930ರಿಂದ ಇರುವ ಸಂಸ್ಥೆ, ಕೇಳಿ ನೋಡಬಹುದು. ಟ್ರಂಕಿನಲ್ಲಿ ಓಲೆಗರಿಯೋ ಕೈಬರಹದ ಹಳೇ ಕಡತವೋ ಸಿಕ್ಕರೆ ಬಿಸಿಲಿಗೆ ಹಾಕಬೇಡಿ, ಒರೆಸಬೇಡಿ. 75 ವರ್ಷ ದಾಟಿದ ಹಸ್ತಪ್ರತಿಯನ್ನು ಪುರಾತನ ವಸ್ತು ಎಂದೇ ಲೆಕ್ಕ ಹಿಡಿಯುತ್ತಾರೆ. ಸಾಗರದ ಹತ್ತಿರ ಕೆಳದಿಯಲ್ಲಿ ಇಂಥವನ್ನು ಕಾಪಾಡುವ ವಸ್ತು ಸಂಗ್ರಹಾಲಯ ಇದೆ, ಅಲ್ಲಿಗೆ ಒಂದು ಫೋಟೋ ಕಳಿಸಿ. ಹಳೇ ದೇವರ ಪಟಗಳನ್ನು ಅಶ್ವತ್ಥದ ಬುಡದಲ್ಲಿ ಇಡುವುದು, ತುಂಗೆಗೆ ಬಿಡುವುದು ಬೇಡ. ಗಾಜು ಬಿಚ್ಚಿ ಬೇರೆ ಮಾಡಿ, ಕಾಗದವನ್ನು ತೋಟದ ಬುಡದಲ್ಲಿ ಮಣ್ಣು ಮಾಡಿ. ಕೊಟ್ಟಿಗೆಯಲ್ಲಿ ಹಳೇ ಕೀಟನಾಶಕದ ಡಬ್ಬಿ ಇದ್ದೇ ಇರುತ್ತದೆ. ಅದನ್ನು ಹಳ್ಳಕ್ಕೆ ಸುರಿಯಬೇಡಿ, ಖಾಲಿ ಡಬ್ಬಿ ತೊಳೆದು ಬಳಸಲೂ ಬೇಡಿ. ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ಉಳಿದಿರುವ ಮೈಲುತುತ್ತ ಮಾತ್ರ ಮೈದುನನ ಮಗನಿಗೆ ಕೊಡಿ, ಅಡಿಕೆಯ ಕೊಳೆರೋಗದ ಔಷಧಿಗೆ ಆಗುತ್ತದೆ.

ಕೆಲಸ ಶುರು ಮಾಡಲು ಒಳ್ಳೇ ಕಾಲ ಅಡಿಕೆ ಕೊಯ್ಲು ಮುಗಿದ ಮೇಲೆ. ಆಗ ಆಳೂ ಸಿಗುತ್ತಾರೆ, ಅಂಗಳವೂ ಒಣಗಿರುತ್ತದೆ. ಆಷಾಢದಲ್ಲಿ ಮನೆ ಬದಲಿಸಬಾರದು ಎನ್ನುತ್ತಾರಲ್ಲ, ಅದನ್ನು ನಾನೂ ಪಾಲಿಸುತ್ತೇನೆ. ಆ ಮಳೆಯಲ್ಲಿ ಹಾಸಿಗೆ, ಪುಸ್ತಕ ಸಾಗಿಸಿದರೆ ಅರ್ಧ ದಾರಿಯಲ್ಲೇ ಹಾಳು. ಮೊದಲ ಲಾರಿಯಲ್ಲಿ ದಿನಬಳಕೆಯದ್ದು, ಔಷಧಿ, ಕಾಗದದ ಟ್ರಂಕು, ಮಂಚ ಇಷ್ಟೇ ಹೋಗಲಿ. ಫ್ಲಾಟಿನಲ್ಲಿ ಒಂದೆರಡು ತಿಂಗಳು ಇದ್ದು ನೋಡಿ. ಏನು ಬೇಕು ಅನಿಸುತ್ತದೋ ಅದನ್ನು ಎರಡನೇ ಸಲ ತರಿಸಿ. ಮಿಕ್ಕಿದ್ದಕ್ಕೆ ಆಮೇಲೆ ವ್ಯಾಪಾರಿಯನ್ನು ಕರೆಯಿರಿ. ಮಳೆ ಹಿಡಿಯುವುದರೊಳಗೆ ಅವನ ಲಾರಿಯೂ ಹೋಗಿರಬೇಕು.